ಎಲೆಯೊಳಗೆ ಬೆಳಕಿಗೂ ಗಾಳಿಗೂ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಎಲೆಯನ್ನು ಕುರಿತ ಪ್ರಶ್ನೆಗಳೇ ಹೆಚ್ಚಾಗಿದ್ದವು. ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಓದುಗರು ಕಳುಹಿಸಿದ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಮೊದಲ ಉತ್ತರ ದೀರ್ಘವಾಗಿದೆ. ಮುಂದಿನವು ಅದನ್ನೇ ಆಧರಿಸಿರುವುದರಿಂದ ಅದನ್ನು ಮೊದಲು ಓದಬೇಕೆಂದು ವಿನಂತಿ.

ಪ್ರಶ್ನೆ: ನಮ್ಮ ಹಿತ್ತಲಿನ ಆಪೂಸು ಮಾವಿನ ಎಲೆಯ ಮೇಲ್ಭಾಗ ಕಡುಹಸಿರಾಗಿಯೂ ಕೆಳಭಾಗ ಮಂಕಾಗಿಯೂ ಇದೆ. ಬಿಸಿಲು ಮೇಲೆಯೇ ಬೀಳುವುದರಿಂದ ಆಹಾರ ಮೇಲ್ಭಾಗದಲ್ಲಿ ಮಾತ್ರ ತಯಾರಾಗುತ್ತದೆ ಎಂದು ತಿಳಿಯಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೆಚ್ಚಿನ ಕೆಲಸ ಮೇಲ್ಭಾಗದಲ್ಲಿ ನಡೆಯುತ್ತದೆ ಎಂಬುದು ಸರಿ, ಅಲ್ಲಿ ಮಾತ್ರ ನಡೆಯುತ್ತದೆ ಎಂಬುದು ಸರಿಯಲ್ಲ. ಕೆಳಭಾಗವಿಲ್ಲದೆ ಮೇಲ್ಭಾಗ ಏನನ್ನೂ ಮಾಡಲಾರದು. ಅದು ಹೇಗೆಂದು ತಿಳಿಯಲು ಎಲೆ ಎದುರಿಸುತ್ತಿರುವ ಇಕ್ಕಟ್ಟನ್ನು ಮೊದಲು ಗಮನಿಸಬೇಕು.

ದ್ಯುತಿಸಂಶ್ಲೇಷಣೆಗೆ, ಅಂದರೆ ಬೆಳಕಿನ ಬಲದಿಂದ ಆಹಾರ ತಯಾರಿಸುವ ಕೆಲಸಕ್ಕೆ, ಬೆಳಕು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬೇಕು. ಬೆಳಕು ಮೇಲಿನಿಂದ ಬರುತ್ತದೆ, ನೀರು ಬೇರಿನಿಂದ ನರಗಳ ಮೂಲಕ ಬರುತ್ತದೆ. ಕಷ್ಟವಿರುವುದು ಮೂರನೆಯದರಲ್ಲಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು ಮಾತ್ರ. ಅದು ಕೋಶದೊಳಗೆ ಸೇರಬೇಕಾದರೆ ಕೋಶದ ಗೋಡೆ ಒದ್ದೆಯಾಗಿರಬೇಕು, ಮತ್ತು ಒದ್ದೆಯಾದ ಗೋಡೆ ಗಾಳಿಗೆ ತೆರೆದುಕೊಂಡಿತೆಂದರೆ ಅಲ್ಲಿಂದ ನೀರು ಆವಿಯಾಗಿ ಹೊರಟುಹೋಗುವುದನ್ನು ತಡೆಯಲಾಗದು. ನಮ್ಮ ಬಹುತೇಕ ಬೆಳೆಗಳು ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಹಿಡಿಯಲು ಸುಮಾರು 400 ನೀರಿನ ಅಣುಗಳನ್ನು ಕಳೆದುಕೊಳ್ಳುತ್ತವೆ. ಎಲೆಯ ಅಗಲ, ತೆಳುವು, ಒಳಗಿನ ಪದರಗಳು, ರಂಧ್ರಗಳಿರುವ ಜಾಗ, ಇವೆಲ್ಲವೂ ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಟ್ಟುಕೊಳ್ಳಬೇಕು, ಆದರೆ ನೀರನ್ನು ಹೊರಗೆ ಬಿಡಬಾರದು ಎಂಬ ಈ ಇಕ್ಕಟ್ಟಿಗೆ ಸಸ್ಯ ಕಂಡುಕೊಂಡ ಪರಿಹಾರಗಳು ಎಂದು ನೋಡಿದರೆ ಪಠ್ಯಪುಸ್ತಕದ ಎಲೆಯ ಚಿತ್ರ ತಾನಾಗಿಯೇ ಅರ್ಥವಾಗುತ್ತದೆ.

ಮೇಲಿನಿಂದ ಒಳಗಿಳಿಯೋಣ. ಎಲ್ಲಕ್ಕಿಂತ ಹೊರಗೆ ಕ್ಯೂಟಿಕಲ್ ಎಂಬ ಮೇಣದಂಥ ಲೇಪವಿದೆ. ಮಾವಿನ ಎಲೆಯ ಹೊಳಪು ಅದರದೇ. ಅದು ನೀರನ್ನು ತಡೆಯುತ್ತದೆ, ಆದರೆ ಬೆಳಕನ್ನು ತಡೆಯುವುದಿಲ್ಲ. ಅದರ ಕೆಳಗಿನ ಹೊರಪದರದ ಕೋಶಗಳಲ್ಲಿ ಸಾಮಾನ್ಯವಾಗಿ ಪತ್ರಹರಿತ್ತು ಇರುವುದಿಲ್ಲ. ಅವು ತಿಳಿಯಾಗಿರುವುದರಿಂದ ಬೆಳಕು ಅಲ್ಲಿ ವ್ಯರ್ಥವಾಗದೆ ಒಳಗಿಳಿಯುತ್ತದೆ. ಅದರ ಕೆಳಗೆ ಪ್ಯಾಲಿಸೇಡ್ ಪದರವಿದೆ. ಇಲ್ಲಿ ಉದ್ದನೆಯ ಕೋಶಗಳು ಕಂಬಗಳ ಸಾಲಾಗಿ ನೆಟ್ಟಗೆ ನಿಂತಿರುತ್ತವೆ. ಎಲೆಯ ಕ್ಲೋರೋಪ್ಲಾಸ್ಟ್‌ಗಳಲ್ಲಿ ಹೆಚ್ಚಿನ ಪಾಲು ಇರುವುದು ಇಲ್ಲಿಯೇ. ಪತ್ರಹರಿತ್ತನ್ನು ಹೊತ್ತು ಆಹಾರ ತಯಾರಿಸುವ ಸಣ್ಣ ಹಸಿರು ಕಣಗಳೇ ಕ್ಲೋರೋಪ್ಲಾಸ್ಟ್‌ಗಳು.

ಈ ಕೋಶಗಳು ಮಲಗದೆ ನಿಂತಿರುವುದಕ್ಕೆ ಕಾರಣವಿದೆ. ಪ್ರತಿ ಕೋಶದ ನಡುವೆ ನೀರು ತುಂಬಿದ ದೊಡ್ಡ ಕುಹರವಿದ್ದು, ಕ್ಲೋರೋಪ್ಲಾಸ್ಟ್‌ಗಳು ಗೋಡೆಯ ಒಳಬದಿಗೆ ಒತ್ತರಿಸಿಕೊಂಡಿರುತ್ತವೆ. ಹೀಗಾಗಿ ಬೆಳಕಿನ ಒಂದು ಭಾಗ ನಡುವಿನ ತಿಳಿಯಾದ ಕುಹರದ ಮೂಲಕ ಕೆಳಗಿನ ಪದರಗಳಿಗೂ ತಲುಪುತ್ತದೆ. ಕೋಶಗಳು ಅಡ್ಡವಾಗಿ ಮಲಗಿದ್ದರೆ ಮೊದಲ ಒಂದೆರಡು ಸಾಲುಗಳೇ ಬೆಳಕನ್ನೆಲ್ಲ ನುಂಗಿ, ಕೆಳಗಿನವು ಕತ್ತಲಲ್ಲಿ ಉಳಿಯುತ್ತಿದ್ದವು. ಅಲ್ಲದೆ ನೆಟ್ಟಗೆ ನಿಂತ ಕೋಶಗಳ ಪಕ್ಕಗಳ ನಡುವೆ ಸಣ್ಣ ಸಂದುಗಳಿದ್ದು, ಗಾಳಿ ಪ್ರತಿಯೊಂದು ಕೋಶದ ಬದಿಯನ್ನೂ ಮುಟ್ಟುತ್ತದೆ. ಕ್ಲೋರೋಪ್ಲಾಸ್ಟ್‌ಗಳು ಒಂದೇ ಕಡೆ ಅಂಟಿಕೊಂಡಿರುವುದೂ ಇಲ್ಲ. ಬೆಳಕು ಮಂದವಾದಾಗ ಅವು ಬೆಳಕಿಗೆ ಎದುರಾಗುವ ಗೋಡೆಗೆ ಸರಿಯುತ್ತವೆ, ಬಿಸಿಲು ತೀವ್ರವಾದಾಗ ಪಕ್ಕದ ಗೋಡೆಗಳಿಗೆ ಹೋಗಿ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಕದಲದೆ ನಿಂತ ಎಲೆಯೊಳಗೆ ದಿನವಿಡೀ ಇಂಥ ಓಡಾಟ ನಡೆದಿರುತ್ತದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಇನ್ನು ನೀವು ಕೇಳಿದ ಕೆಳಭಾಗ. ಪ್ಯಾಲಿಸೇಡಿನ ಕೆಳಗೆ ಸ್ಪಂಜು ಪದರವಿದೆ. ಇಲ್ಲಿನ ಕೋಶಗಳು ಅಡ್ಡಾದಿಡ್ಡಿ ಆಕಾರದವು, ಅವುಗಳ ನಡುವೆ ಗಾಳಿಯ ಅವಕಾಶಗಳು ಧಾರಾಳವಾಗಿವೆ. ಇಂಗಾಲದ ಡೈಆಕ್ಸೈಡ್ ನೀರಿಗಿಂತ ಗಾಳಿಯಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಬೇಗ ಹರಡುತ್ತದೆ. ಆದ್ದರಿಂದ ಕೋಶಗಳು ಒತ್ತೊತ್ತಾಗಿ ತುಂಬಿದ್ದರೆ ಅನಿಲವು ಮೇಲಿನ ಪ್ಯಾಲಿಸೇಡಿಗೆ ಸಾಕಷ್ಟು ಬೇಗ ತಲುಪುತ್ತಲೇ ಇರಲಿಲ್ಲ. ಮೇಲ್ಭಾಗದ ಕೋಶಗಳಿಗೆ ಕಚ್ಚಾವಸ್ತು ಸೇರುವುದು ಕೆಳಭಾಗದ ಈ ಖಾಲಿ ಜಾಗದ ಮೂಲಕವೇ. ಎಲೆ ತೆಳುವಾಗಿರುವುದಕ್ಕೂ ಇದೇ ಕಾರಣ: ದಪ್ಪ ಹೆಚ್ಚಿದಷ್ಟೂ ಅನಿಲಕ್ಕೆ ದಾರಿ ದೂರವಾಗುತ್ತದೆ, ಬೆಳಕೂ ಕೊನೆಯ ಕೋಶದವರೆಗೆ ತಲುಪುವುದಿಲ್ಲ.

ಬಣ್ಣದ ವ್ಯತ್ಯಾಸವೂ ಇಲ್ಲಿಂದಲೇ ಹುಟ್ಟುತ್ತದೆ. ಸ್ಪಂಜು ಪದರದಲ್ಲಿ ಕ್ಲೋರೋಪ್ಲಾಸ್ಟ್‌ಗಳು ಕಡಿಮೆ. ಜೊತೆಗೆ ಕೋಶದಿಂದ ಗಾಳಿಗೆ, ಗಾಳಿಯಿಂದ ಕೋಶಕ್ಕೆ ದಾಟುವಾಗಲೆಲ್ಲ ಬೆಳಕು ದಿಕ್ಕು ಬದಲಿಸಿ ಚದರುತ್ತದೆ. ಒಣಗಿದ ಬಟ್ಟೆ ತಿಳಿಯಾಗಿಯೂ ಅದೇ ಬಟ್ಟೆ ಒದ್ದೆಯಾದಾಗ ಕಡುವಾಗಿಯೂ ಕಾಣುವುದು ಎಳೆಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬುವುದರಿಂದ. ಎಲೆಯಲ್ಲಿಯೂ ಹಾಗೆಯೇ. ಒಂದು ಮೆತ್ತನೆಯ ಎಲೆಯನ್ನು ಬೆರಳುಗಳ ನಡುವೆ ಹಿಸುಕಿ ಕೆಳಬದಿಯನ್ನು ನೋಡಿ. ಹಿಸುಕಿದ ಜಾಗ ಕಡುಹಸಿರಾಗಿ ಕಾಣುತ್ತದೆ, ಏಕೆಂದರೆ ಕೋಶಗಳು ಒಡೆದು ಗಾಳಿಯಿದ್ದ ಜಾಗಕ್ಕೆ ರಸ ಸೇರಿರುತ್ತದೆ. ಹೀಗೆ ಚದರುವ ಬೆಳಕು ನಷ್ಟವೇನಲ್ಲ. ಅದರ ಒಂದು ಭಾಗ ಮತ್ತೆ ಮೇಲಕ್ಕೆ ಮರಳಿ ಇನ್ನೊಂದು ಕ್ಲೋರೋಪ್ಲಾಸ್ಟನ್ನು ಸೇರುವ ಅವಕಾಶ ಪಡೆಯುತ್ತದೆ. ಕೆಂಪು ಮತ್ತು ನೀಲಿ ಬೆಳಕನ್ನು ಮೇಲಿನ ಪದರಗಳೇ ಬಹುಮಟ್ಟಿಗೆ ಹೀರಿಕೊಂಡರೆ, ಹಸಿರು ಬೆಳಕು ಆಳಕ್ಕೆ ಇಳಿದು, ಹಲವು ಸಲ ಚದರಿ, ಕೊನೆಗೆ ಕೆಳಗಿನ ಕೋಶಗಳಲ್ಲಿ ಬಳಕೆಯಾಗುತ್ತದೆ. ಎಲೆ ಹಸಿರು ಬೆಳಕನ್ನು ಬಳಸುವುದೇ ಇಲ್ಲ ಎಂಬ ಮಾತು ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಬಿಡುವುದು ಒಳ್ಳೆಯದು.

ಕೆಳಬದಿಯ ಹೊರಪದರದಲ್ಲಿ ಪತ್ರರಂಧ್ರಗಳಿವೆ. ಮಾವಿನಲ್ಲಿ ಅವು ಬಹುಮಟ್ಟಿಗೆ ಕೆಳಬದಿಯಲ್ಲಿಯೇ ಇರುತ್ತವೆ, ಏಕೆಂದರೆ ನೇರ ಬಿಸಿಲು ತಾಗದ ಆ ಬದಿಯಲ್ಲಿ ನೀರಿನ ನಷ್ಟ ಕಡಿಮೆ. ಪ್ರತಿ ರಂಧ್ರವನ್ನೂ ಎರಡು ಕಾವಲು ಕೋಶಗಳು ಸುತ್ತುವರಿದಿರುತ್ತವೆ. ಅವುಗಳೊಳಗೆ ಪೊಟ್ಯಾಸಿಯಂ ಅಯಾನುಗಳು ಸೇರಿದಾಗ ನೀರೂ ಹಿಂಬಾಲಿಸಿ ಬಂದು, ಅವು ಉಬ್ಬಿ ರಂಧ್ರ ತೆರೆಯುತ್ತದೆ. ನೀರು ಕಳೆದುಕೊಂಡಾಗ ಮುಚ್ಚುತ್ತದೆ. ತೆರೆದ ರಂಧ್ರಗಳನ್ನೆಲ್ಲ ಕೂಡಿಸಿದರೂ ಎಲೆಯ ವಿಸ್ತೀರ್ಣದಲ್ಲಿ ಅವುಗಳ ಪಾಲು ಶೇ. 1ರ ಆಸುಪಾಸು. ಅಷ್ಟೇ ಜಾಗದಿಂದ ಅಷ್ಟೊಂದು ಅನಿಲ ಹೇಗೆ ಒಳಹೋಗುತ್ತದೆ ಎಂಬುದಕ್ಕೆ 1900ರಲ್ಲಿ ಇಂಗ್ಲೆಂಡಿನ ಹೊರೇಸ್ ಬ್ರೌನ್ ಮತ್ತು ಎಸ್ಕೋಂಬ್ ಉತ್ತರ ಕೊಟ್ಟರು. ಒಂದು ದೊಡ್ಡ ತೂತಿನ ಬದಲು ಅದೇ ಒಟ್ಟು ಅಳತೆಯ ಅನೇಕ ಸಣ್ಣ ತೂತುಗಳು ದೂರ ದೂರ ಇದ್ದರೆ ಅನಿಲ ಎಷ್ಟೋ ಹೆಚ್ಚು ಹರಿಯುತ್ತದೆ, ಏಕೆಂದರೆ ಸಣ್ಣ ತೂತಿನ ಅಂಚಿನಲ್ಲಿ ಅನಿಲ ಎಲ್ಲ ದಿಕ್ಕುಗಳಿಂದಲೂ ನುಗ್ಗಬಲ್ಲದು.

ನರಗಳನ್ನು ಕುರಿತು ಎರಡೇ ಮಾತು. ಎಲೆಯ ಯಾವ ಕೋಶವೂ ನರದಿಂದ ಕೆಲವೇ ಕೋಶಗಳಿಗಿಂತ ಹೆಚ್ಚು ದೂರವಿರುವುದಿಲ್ಲ. ನರದ ಮೇಲ್ಭಾಗದ ಕ್ಸೈಲಂ ನೀರನ್ನು ತಂದರೆ, ಕೆಳಭಾಗದ ಫ್ಲೋಯಂ ತಯಾರಾದ ಸಕ್ಕರೆಯನ್ನು ಒಯ್ಯುತ್ತದೆ. ಸಾಧ್ಯವಾದರೆ ನಿಮ್ಮ ಮರದ ತುದಿಯಲ್ಲಿ ಬಿಸಿಲಿಗೆ ಬೆಳೆದ ಎಲೆಯನ್ನೂ ಒಳಗೊಂಬೆಯ ನೆರಳಿನ ಎಲೆಯನ್ನೂ ಕಿತ್ತು ಹೋಲಿಸಿ. ಸಾಮಾನ್ಯವಾಗಿ ಬಿಸಿಲಿನ ಎಲೆ ದಪ್ಪ, ಅದರ ಪ್ಯಾಲಿಸೇಡ್ ಎತ್ತರ. ನೆರಳಿನ ಎಲೆ ತೆಳು ಮತ್ತು ಅಗಲ. ಒಂದೇ ಮರ ಎರಡು ಬಗೆಯ ಎಲೆಗಳನ್ನು ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಿದ್ದೇವೆ. ಮಧ್ಯಾಹ್ನ ಎಲೆಗಳು ಸುರುಳಿ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಆಹಾರ ತಯಾರಿಕೆ ನಿಂತುಹೋಗುತ್ತದೆಯೇ? ಜೋಳದ ಎಲೆ ಕಡಲೆ, ಕುಸುಬಿಯ ಎಲೆಗಿಂತ ಬೇರೆ ಬಗೆಯದು ಎನ್ನುತ್ತಾರೆ, ಅದು ನಿಜವೇ? ಬುಡದ ಎಲೆಗಳನ್ನು ದನಕ್ಕೆ ಕಿತ್ತುಹಾಕಿದರೆ ನಡೆಯುತ್ತದೆಯೇ?
– ರೈತರು, ನವಲಗುಂದ ತಾಲ್ಲೂಕು

ಉತ್ತರ: ನಿಜ, ಜೋಳದ ಎಲೆ ಒಳಗಿನಿಂದಲೇ ಬೇರೆ. ಕಡಲೆ, ಕುಸುಬಿ, ಹತ್ತಿ, ಶೇಂಗಾಗಳ ಎಲೆಯಲ್ಲಿ ಮೇಲಿನ ಉತ್ತರದಲ್ಲಿ ಹೇಳಿದ ಪ್ಯಾಲಿಸೇಡ್ ಮತ್ತು ಸ್ಪಂಜು ಪದರಗಳಿವೆ. ಜೋಳದಲ್ಲಿ ಆ ವಿಂಗಡಣೆಯೇ ಇಲ್ಲ. ಅಲ್ಲಿ ಸಮಾನಾಂತರವಾಗಿ ಹತ್ತಿರ ಹತ್ತಿರ ಸಾಗಿದ ಪ್ರತಿ ನರದ ಸುತ್ತಲೂ ದೊಡ್ಡ ಹಸಿರು ಕೋಶಗಳ ಒಂದು ವರ್ತುಲವಿದೆ, ಅದರ ಹೊರಗೆ ಇನ್ನೊಂದು ಬಗೆಯ ಹಸಿರು ಕೋಶಗಳ ವರ್ತುಲವಿದೆ. ಈ ರಚನೆಯನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಆಸ್ಟ್ರಿಯಾದ ಹಾಬರ್ಲಾಂಡ್ ವಿವರಿಸಿದ್ದರು. ಆದರೆ ಅದರ ಪ್ರಯೋಜನ ಸ್ಪಷ್ಟವಾಗಿ ತಿಳಿದದ್ದು 1960ರ ದಶಕದಲ್ಲಿ. ಹವಾಯಿಯ ಕಬ್ಬಿನ ಸಂಶೋಧಕರು ಕೊಟ್ಟ ಸುಳಿವನ್ನು ಹಿಡಿದು ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಅದನ್ನು ಬಿಡಿಸಿ ತೋರಿಸಿದರು.

ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವದ ಹೆಸರು ರುಬಿಸ್ಕೊ. ಅದಕ್ಕೊಂದು ದೌರ್ಬಲ್ಯವಿದೆ: ಬಿಸಿ ಏರಿದಂತೆ ಅದು ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚುತ್ತದೆ, ಆಗ ಸಸ್ಯ ತಾನು ಗಳಿಸಿದ ಇಂಗಾಲದಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಜೋಳದಲ್ಲಿ ಹೊರ ವರ್ತುಲದ ಕೋಶಗಳು ಬೇರೊಂದು ಕಿಣ್ವದಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ನಾಲ್ಕು ಇಂಗಾಲಗಳ ಆಮ್ಲವಾಗಿ ಮಾಡಿ, ಒಳ ವರ್ತುಲಕ್ಕೆ ದಾಟಿಸುತ್ತವೆ. ಅಲ್ಲಿ ಅದು ಮತ್ತೆ ಬಿಡುಗಡೆಯಾದಾಗ ಒಳ ವರ್ತುಲದಲ್ಲಿ ಇಂಗಾಲದ ಡೈಆಕ್ಸೈಡಿನ ಸಾಂದ್ರತೆ ಹಲವು ಪಟ್ಟು ಏರುತ್ತದೆ. ರುಬಿಸ್ಕೊ ಇರುವುದು ಆ ಒಳ ವರ್ತುಲದಲ್ಲಿಯೇ ಆದ್ದರಿಂದ ಆಮ್ಲಜನಕಕ್ಕೆ ಅಲ್ಲಿ ಅವಕಾಶ ಸಿಗುವುದಿಲ್ಲ. ಇದರಿಂದ ರೈತರಿಗೆ ಬರುವ ಲಾಭ ನೀರಿನದು. ಪತ್ರರಂಧ್ರಗಳನ್ನು ಅರ್ಧಂಬರ್ಧ ತೆರೆದರೂ ಜೋಳಕ್ಕೆ ಸಾಕಾಗುತ್ತದೆ. ಉಳಿದ ಬೆಳೆಗಳು ಸುಮಾರು 400 ನೀರಿನ ಅಣುಗಳನ್ನು ಕಳೆದುಕೊಳ್ಳುವಲ್ಲಿ ಈ ಗುಂಪಿನವು ಕಳೆದುಕೊಳ್ಳುವುದು ಸುಮಾರು 150. ಗೋವಿನಜೋಳ, ಸಜ್ಜೆ, ನವಣೆ, ಕಬ್ಬು ಕೂಡ ಇದೇ ಗುಂಪಿನವು. ಹಾಗೆಂದು ಕಡಲೆ, ಕುಸುಬಿಗಳನ್ನು ಕೀಳಾಗಿ ಎಣಿಸಬೇಕಿಲ್ಲ. ಜೋಳದ ಎಲೆಯ ಮೇಲುಗೈ ಇರುವುದು ಬಿಸಿಯ ದಿನಗಳಲ್ಲಿ, ಚಳಿ ಹೆಚ್ಚಾದಾಗ ಅದು ಕುಗ್ಗುತ್ತದೆ. ಕಡಲೆ ತಂಪಿನಲ್ಲಿಯೇ ಚೆನ್ನಾಗಿ ಬೆಳೆಯುತ್ತದೆ, ಕುಸುಬಿ ಆಳದ ಬೇರಿನಿಂದ ಎರೆಭೂಮಿಯ ತಳದ ತೇವವನ್ನು ಎಳೆದುಕೊಳ್ಳುತ್ತದೆ.

ಸುರುಳಿಯ ವಿಷಯ ಹೀಗಿದೆ. ಜೋಳದ ಎಲೆಯ ಮೇಲಿನ ಹೊರಪದರದಲ್ಲಿ ಸಾಲಾಗಿ ದೊಡ್ಡ ದೊಡ್ಡ ಕೋಶಗಳಿವೆ. ನೀರು ತುಂಬಿರುವಾಗ ಅವು ಎಲೆಯನ್ನು ಬಿಡಿಸಿ ಹಿಡಿದಿರುತ್ತವೆ, ನೀರು ಕಡಿಮೆಯಾದೊಡನೆ ಕುಗ್ಗಿ ಎಲೆಯನ್ನು ಒಳಮುಖವಾಗಿ ಸುತ್ತಿಸುತ್ತವೆ. ಜೋಳದಲ್ಲಿ ಪತ್ರರಂಧ್ರಗಳು ಎರಡೂ ಬದಿಗಳಲ್ಲಿ ಇರುವುದರಿಂದ, ಸುತ್ತಿಕೊಂಡಾಗ ಮೇಲ್ಬದಿಯ ರಂಧ್ರಗಳ ಸುತ್ತ ತೇವದ ಗಾಳಿ ನಿಂತು ನಷ್ಟ ತಗ್ಗುತ್ತದೆ, ಬಿಸಿಲು ತಾಗುವ ಮೈಯೂ ಕಡಿಮೆಯಾಗುತ್ತದೆ. ಆಗ ಆಹಾರ ತಯಾರಿಕೆ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಸಂಜೆಗೆ ಬಿಚ್ಚಿಕೊಳ್ಳುತ್ತಿದೆ ಎಂದಾದರೆ ಬೇರಿಗೆ ಇನ್ನೂ ತೇವ ಸಿಗುತ್ತಿದೆ ಎಂದರ್ಥ, ಗಾಬರಿಯಾಗಬೇಡಿ. ಬೆಳಗಿನ ಹೊತ್ತಿನಲ್ಲಿಯೂ ಎಲೆಗಳು ಸುತ್ತಿಕೊಂಡೇ ಇದ್ದರೆ ಅದು ಚಿಂತೆಯ ಮಾತು, ಅದರಲ್ಲಿಯೂ ತೆನೆ ಹೊರಡುವ ಸಮಯದಲ್ಲಿ. ಹೊಂಡದಲ್ಲಿ ನೀರಿದ್ದವರು ಒಂದು ನೀರು ಕೊಡುವುದಾದರೆ ಆಗಲೇ ಕೊಡಬೇಕು.

ಎಲೆ ಕೀಳುವುದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕಾಳು ತುಂಬುವವರೆಗೆ ಹಸಿರೆಲೆಯನ್ನು ಮುಟ್ಟಬೇಡಿ. ತೆನೆಗೆ ಹತ್ತಿರದ ಮೇಲಿನ ಎಲೆಗಳೇ ಕಾಳಿಗೆ ಹೆಚ್ಚಿನ ಸಕ್ಕರೆ ಕಳುಹಿಸುತ್ತವೆ, ಆದ್ದರಿಂದ ಅವುಗಳನ್ನು ಕೀಳುವುದೆಂದರೆ ಕಾಳಿನ ತೂಕವನ್ನೇ ಕೀಳುವುದು. ಬುಡದಲ್ಲಿ ಹಳದಿಯಾಗಿ ಒಣಗುತ್ತಿರುವ ಎಲೆಗಳಿಂದ ಬೆಳೆಗೆ ಹೆಚ್ಚಿನದೇನೂ ಸಿಗುವುದಿಲ್ಲ, ಅವನ್ನು ತೆಗೆದುಕೊಳ್ಳಬಹುದು. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡ ಮೇಲೆ ಕಾಳಿಗೆ ಎಲೆಯಿಂದ ಏನೂ ಹೋಗುವುದಿಲ್ಲ. ಆಮೇಲೆ ಕಣಿಕೆ, ರವದಿ ಎಲ್ಲವೂ ದನದ ಪಾಲು.

ಪ್ರಶ್ನೆ: ನಮ್ಮ ಮೆಣಸಿನಗಿಡಗಳ ಎಲೆ ಮುಟುರಿಕೊಂಡಿದೆ. ಗಿಡ ಹಸಿರಾಗಿಯೇ ಇದೆ, ಒಣಗಿಲ್ಲ. ಹಾಗಿದ್ದರೂ ಹೂ ಉದುರಿ ಕಾಯಿ ಕಡಿಮೆಯಾಗುವುದೇಕೆ?
– ಬೆಳೆಗಾರರು, ಬ್ಯಾಡಗಿ

ಉತ್ತರ: ಹಸಿರಾಗಿದ್ದ ಮಾತ್ರಕ್ಕೆ ಎಲೆ ಸರಿಯಾಗಿ ದುಡಿಯುತ್ತಿದೆ ಎಂದು ಹೇಳಲಾಗದು. ಥ್ರಿಪ್ಸ್ ನುಸಿ ಎಳೆಯ ಎಲೆಯನ್ನು ಕೆರೆದು ಹೊರಪದರದ ಮತ್ತು ಅದರ ಕೆಳಗಿನ ಹಸಿರು ಕೋಶಗಳ ರಸವನ್ನು ಹೀರುತ್ತದೆ. ಬರಿದಾದ ಕೋಶಗಳಲ್ಲಿ ಗಾಳಿ ಸೇರಿ ಅಲ್ಲಿ ಬೆಳ್ಳಿಯ ಹೊಳಪು ಕಾಣುತ್ತದೆ. ಇದು ನಡೆಯುವುದು ಎಲೆ ಇನ್ನೂ ಕುಡಿಯಲ್ಲಿ ಬಿಚ್ಚಿಕೊಳ್ಳುತ್ತಿರುವಾಗ. ಗಾಯವಾದ ಬದಿ ಬೆಳೆಯದೆ ಉಳಿದು, ಇನ್ನೊಂದು ಬದಿ ಬೆಳೆಯುವುದರಿಂದ ಎಲೆ ಮುದುಡುತ್ತದೆ. ಎಲೆಯ ವಿಸ್ತೀರ್ಣ ಕುಗ್ಗುತ್ತದೆ, ಮಡಿಕೆಗಳು ಒಂದಕ್ಕೊಂದು ನೆರಳಾಗುತ್ತವೆ, ಗಾಳಿಯ ಅವಕಾಶಗಳೂ ನರಗಳೂ ಸೊಟ್ಟಗಾಗುತ್ತವೆ. ಗಿಡಕ್ಕೆ ದಿನವೊಂದಕ್ಕೆ ಸಿಗುವ ಸಕ್ಕರೆ ತಗ್ಗಿದಾಗ ಅದು ಮೊದಲು ಬಿಟ್ಟುಕೊಡುವುದು ಹೂ ಮತ್ತು ಎಳೆಗಾಯಿಗಳನ್ನು. ಹಸಿರು ಕಾಯಿ ತಾನೂ ಸ್ವಲ್ಪ ಆಹಾರ ತಯಾರಿಸಬಲ್ಲದಾದರೂ ಅದು ದಪ್ಪವಾಗುವುದು ಮತ್ತು ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವ ಆ ಕೆಂಪು ಬಣ್ಣವನ್ನು ಕಟ್ಟಿಕೊಳ್ಳುವುದು ಎಲೆಯಿಂದ ಬಂದ ಇಂಗಾಲದಿಂದಲೇ.

ಸಾಮಾನ್ಯವಾಗಿ ಎಲೆ ಮೇಲ್ಮುಖವಾಗಿ ದೋಣಿಯಾಕಾರದಲ್ಲಿ ಮುದುಡಿದ್ದರೆ ಥ್ರಿಪ್ಸ್, ಅಂಚುಗಳು ಕೆಳಮುಖವಾಗಿ ಬಾಗಿದ್ದರೆ ಮೈಟ್ ನುಸಿ ಎಂದು ಊಹಿಸಬಹುದು. ಎರಡೂ ಒಟ್ಟಿಗೆ ಬರುವುದುಂಟು, ನಂಜುರೋಗವೂ ಜೊತೆಗೂಡುವುದುಂಟು. ಆದ್ದರಿಂದ ಭೂತಗನ್ನಡಿ ಹಿಡಿದು ಕುಡಿ ಎಲೆಯ ಕೆಳಬದಿಯನ್ನು ನೋಡದೆ ಔಷಧಿಗೆ ಹಣ ಹಾಕಬೇಡಿ. ಮುಟುರಿದ ಕೆಲವು ಕುಡಿಗಳನ್ನು ರೈತ ಸಂಪರ್ಕ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಿ. ಇನ್ನೊಂದು ಮಾತು: ಒಮ್ಮೆ ಮುಟುರಿಕೊಂಡ ಎಲೆ ಯಾವ ಸಿಂಪಡಣೆಯಿಂದಲೂ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಹೊಸ ಚಿಗುರು ನೇರವಾಗಿ ಬರುತ್ತಿದೆಯೇ ಎಂಬುದೇ ಗುಣವಾಗುತ್ತಿರುವುದಕ್ಕೆ ಗುರುತು. ಹಳೆಯ ಎಲೆಗಳನ್ನು ನೋಡಿ ಔಷಧಿ ಕೆಲಸ ಮಾಡಲಿಲ್ಲವೆಂದು ಮತ್ತೆ ಮತ್ತೆ ಸಿಂಪಡಿಸುವುದರಿಂದ ಖರ್ಚೂ ವಿಷವೂ ಹೆಚ್ಚುತ್ತವೆ.

ಪ್ರಶ್ನೆ: ನಮ್ಮ ಬೀದಿಯ ಗಿಡಗಳ ಮೇಲೆ ಬೇಸಿಗೆಯಲ್ಲಿ ದಪ್ಪ ಧೂಳು ಕೂರುತ್ತದೆ. ಅವುಗಳಿಗೆ ಉಸಿರು ಕಟ್ಟುತ್ತದೆಯೇ? ಮನೆಯೊಳಗಿನ ಕುಂಡದ ಗಿಡಗಳ ಎಲೆಗಳನ್ನು ಎಣ್ಣೆ ಹಚ್ಚಿ ಒರೆಸಬಹುದೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಬೇವು, ಮಾವುಗಳಂಥ ಅನೇಕ ಮರಗಳ ಪತ್ರರಂಧ್ರಗಳು ಕೆಳಬದಿಯಲ್ಲಿರುವುದರಿಂದ ಅವು ಪೂರ್ತಿ ಮುಚ್ಚಿಹೋಗುವುದಿಲ್ಲ. ಧೂಳಿನ ದೊಡ್ಡ ಹಾನಿ ಬೆಳಕಿನದು. ಪ್ಯಾಲಿಸೇಡಿಗೆ ತಲುಪಬೇಕಾದ ಬೆಳಕು ಧೂಳಿನಲ್ಲಿಯೇ ನಿಲ್ಲುತ್ತದೆ, ಎಲೆ ಹೆಚ್ಚು ಕಾಯುತ್ತದೆ. ಅಂಗಳದ ಗಿಡಗಳಿಗೆ ಸಂಜೆ ನೀರು ಚಿಮುಕಿಸಿ ತೊಳೆದರೆ ಸಾಕು. ಎಣ್ಣೆಯನ್ನು ಮಾತ್ರ ಹಚ್ಚಬೇಡಿ. ಅದು ರಂಧ್ರಗಳಿಗೆ ಇಳಿದು ಗಾಳಿಯ ದಾರಿಯನ್ನು ನಿಜವಾಗಿಯೂ ಮುಚ್ಚುತ್ತದೆ, ಮೇಲೆ ಅಂಟಿಕೊಂಡು ಇನ್ನಷ್ಟು ಧೂಳನ್ನು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಎರಡೂ ಬದಿಗಳನ್ನು ಮೆಲ್ಲಗೆ ಒರೆಸಿ.

ಪ್ರಶ್ನೆ: ಎಂಟನೆಯ ತರಗತಿಯ ಮಕ್ಕಳೊಂದಿಗೆ ಅಯೋಡಿನ್ ಪರೀಕ್ಷೆ ಮಾಡಿದೆವು. ದಾಸವಾಳದ ಎಲೆ ಕಪ್ಪುನೀಲಿಯಾಯಿತು. ಹೊಲದಿಂದ ತಂದ ಉಳ್ಳಾಗಡ್ಡಿಯ ಎಲೆ ಬಣ್ಣ ತಾಳಲಿಲ್ಲ. ಹಾಗಾದರೆ ಉಳ್ಳಾಗಡ್ಡಿ ದ್ಯುತಿಸಂಶ್ಲೇಷಣೆ ನಡೆಸುವುದಿಲ್ಲವೇ ಎಂದು ಮಕ್ಕಳು ಕೇಳಿದರು.
– ಶಿಕ್ಷಕರು, ರೋಣ

ಉತ್ತರ: ಮಕ್ಕಳ ಪ್ರಶ್ನೆ ಬಹಳ ಒಳ್ಳೆಯದು, ಮತ್ತು ನಿಮ್ಮ ಪ್ರಯೋಗದಲ್ಲಿ ದೋಷವಿಲ್ಲ. ಅಯೋಡಿನ್ ತೋರಿಸುವುದು ಪಿಷ್ಟವನ್ನು, ದ್ಯುತಿಸಂಶ್ಲೇಷಣೆಯನ್ನಲ್ಲ. ದಾಸವಾಳ ಹಗಲು ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಕ್ಲೋರೋಪ್ಲಾಸ್ಟ್‌ನಲ್ಲಿ ಪಿಷ್ಟವಾಗಿ ಕೂಡಿಡುತ್ತದೆ. ಉಳ್ಳಾಗಡ್ಡಿ ತನ್ನ ಎಲೆಯಲ್ಲಿ ಪಿಷ್ಟವನ್ನು ಕೂಡಿಡುವುದಿಲ್ಲ, ಸಕ್ಕರೆಯಾಗಿಯೇ ಇಟ್ಟುಕೊಳ್ಳುತ್ತದೆ. ಅದರ ಕಾವಲು ಕೋಶಗಳಲ್ಲಿಯೂ ಪಿಷ್ಟವಿರುವುದಿಲ್ಲ. ಗಡ್ಡೆಯೆಂದು ನಾವು ಕರೆಯುವುದು ಎಲೆಗಳ ದಪ್ಪನಾದ ಬುಡಗಳೇ, ಅಲ್ಲಿಯೂ ಸಂಗ್ರಹವಾಗುವುದು ಸಕ್ಕರೆ ಮತ್ತು ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ. ಗಡ್ಡೆಯ ಮೇಲೆ ಅಯೋಡಿನ್ ಹಾಕಿದರೂ ಅದು ನೀಲಿಯಾಗುವುದಿಲ್ಲ. ಆಲೂಗಡ್ಡೆಯ ಒಂದು ಹೋಳನ್ನು ಪಕ್ಕದಲ್ಲಿಟ್ಟು ತೋರಿಸಿದರೆ ಮಕ್ಕಳಿಗೆ ವ್ಯತ್ಯಾಸ ಮನದಟ್ಟಾಗುತ್ತದೆ.

ಉಳ್ಳಾಗಡ್ಡಿಯ ಎಲೆಯ ರಚನೆಯೂ ಪಾಠಕ್ಕೆ ತಕ್ಕದ್ದು. ಅದು ಒಳಗೆ ಟೊಳ್ಳಾದ ಕೊಳವೆ. ಮೇಲ್ಬದಿ, ಕೆಳಬದಿ ಎಂಬ ಭೇದ ಅದಕ್ಕಿಲ್ಲ, ಹೊರಮೈಯ ಸುತ್ತಲೂ ಪ್ಯಾಲಿಸೇಡ್ ಕೋಶಗಳು, ಸುತ್ತಲೂ ಪತ್ರರಂಧ್ರಗಳು. ನೆಟ್ಟಗೆ ನಿಲ್ಲುವ ಎಲೆಗೆ ಬೆಳಗಿನ ಬಿಸಿಲು ಒಂದು ಕಡೆಯಿಂದ, ಸಂಜೆಯ ಬಿಸಿಲು ಇನ್ನೊಂದು ಕಡೆಯಿಂದ ಬೀಳುವುದರಿಂದ ಈ ಏರ್ಪಾಡು ಅದಕ್ಕೆ ಸರಿಹೊಂದುತ್ತದೆ. ಮೇಲಿನ ಮೇಣದ ಪುಡಿಯಂಥ ಲೇಪದಿಂದಾಗಿ ನೀರು ಹನಿಯಾಗಿ ಜಾರಿಹೋಗುತ್ತದೆ. ನಿಮ್ಮ ಭಾಗದ ರೈತರು ಉಳ್ಳಾಗಡ್ಡಿಗೆ ಸಿಂಪಡಿಸುವಾಗ ಔಷಧಿಯಲ್ಲಿ ಅಂಟುದ್ರಾವಣ ಬೆರೆಸುವುದು ಇದೇ ಕಾರಣಕ್ಕೆ. ಬಹುಶಃ ನಿಮ್ಮ ಕೆಲವು ಮಕ್ಕಳು ಅದನ್ನು ಮನೆಯಲ್ಲಿ ಕಂಡಿರುತ್ತಾರೆ, ಅವರಿಂದಲೇ ಹೇಳಿಸಿ.

ಉಳ್ಳಾಗಡ್ಡಿಗೆ ಬೆನೆಡಿಕ್ಟ್ ದ್ರಾವಣದ ಪರೀಕ್ಷೆ ಮಾಡಿ. ಎಲೆಯನ್ನು ಸ್ವಲ್ಪ ನೀರಿನಲ್ಲಿ ಅರೆದು ಸೋಸಿ, ಆ ರಸಕ್ಕೆ ದ್ರಾವಣ ಸೇರಿಸಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದರೆ ನೀಲಿ ಹೋಗಿ ಹಸಿರು, ಹಳದಿ ಅಥವಾ ಇಟ್ಟಿಗೆಯ ಕೆಂಪು ಬರುತ್ತದೆ. ಎಲೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇವೆ ಎಂಬುದಕ್ಕೆ ಅದು ಸಾಕ್ಷಿ. ದಾಸವಾಳದ ಪ್ರಯೋಗವನ್ನು ಮತ್ತೆ ಮಾಡುವುದಾದರೆ ಗಿಡವನ್ನು ಒಂದೆರಡು ದಿನ ಕತ್ತಲಲ್ಲಿಟ್ಟು ಎಲೆಯ ಪಿಷ್ಟ ಖಾಲಿಯಾದ ಮೇಲೆ ಆರಂಭಿಸಿ, ಇಲ್ಲವಾದರೆ ಹಿಂದಿನ ದಿನದ ಪಿಷ್ಟವೇ ಬಣ್ಣ ಕೊಟ್ಟು ಫಲಿತಾಂಶ ಕಲಸಿಹೋಗುತ್ತದೆ. ಎಲೆಯ ಹಸಿರು ತೆಗೆಯಲು ಸ್ಪಿರಿಟನ್ನು ಎಂದಿಗೂ ಉರಿಯ ಮೇಲೆ ನೇರವಾಗಿ ಇಡಬೇಡಿ. ನೀರನ್ನು ಕುದಿಸಿ, ಉರಿ ಆರಿಸಿ, ಆ ಬಿಸಿನೀರಿನಲ್ಲಿ ಸ್ಪಿರಿಟಿನ ಪ್ರನಾಳವನ್ನು ಇಡಿ.